ಮೇಲ್ಕಾಡಿನ ಮಾಲೆ

ಗಂಡಸು ಎಂಥವನು ಎಂಬುದು ಅವನು ಹತ್ತಿ ಇಳಿದ ನ್ಯೋಜಾ ಮರವನ್ನು ನೋಡಿದರೆ ಗೊತ್ತಾಗುತ್ತದೆ ಎಂದು ಸೂರ್‌ಮಣಿ ಹೇಳುತ್ತಿದ್ದಳು. ಉದ್ದ ಕೋಲಿಗೆ ಕೊಕ್ಕೆ ಕಟ್ಟಿ, ಕಾಯಿಯನ್ನಷ್ಟೇ ತಿರುಚಿ ಬೀಳಿಸಿದ್ದರೆ ಅವನಿಗೆ ಹೆಣ್ಣು ಕೊಡಬಹುದು. ಕೊಡಲಿ ಹಿಡಿದು ಹತ್ತಿ, ಕಾಯಿ ಬಿಟ್ಟ ಕೊಂಬೆಯನ್ನೇ ಕಡಿದು ಉರುಳಿಸಿದ್ದರೆ ಅವನಿಗೆ ಮೇಕೆಯನ್ನು ಕೊಡುವುದಕ್ಕೂ ಯೋಚಿಸಬೇಕು. ಈ ಲೆಕ್ಕದಲ್ಲಿ ಥಂಗ್ರೋ ಊರಿನ ಗಂಡಸರಲ್ಲಿ ಹೆಣ್ಣಿಗೆ ಯೋಗ್ಯನಾಗಿದ್ದವನು ಒಬ್ಬನೇ. ಅವನನ್ನು ಅವಳೇ ಮದುವೆಯಾಗಿದ್ದಳು, ಅವನು ತೀರಿಕೊಂಡು ಬಹಳ ಕಾಲವಾಗಿತ್ತು. ಅವನ ತಮ್ಮ ಗ್ಯಾನ್‌ಸುಖ್ ಮಾತ್ರ ಬದುಕಿದ್ದ. ಕೊಡಲಿಯವನು. ಈಗ ಊರಿನ ಪಂಚಾಯಿತಿ ಪ್ರಧಾನ.

ಆ ಗ್ಯಾನ್‌ಸುಖ್ ಒಂದು ಬೆಳಿಗ್ಗೆ ಹಸಿರು ಪಟ್ಟಿಯ ಟೋಪಿಯನ್ನು ಉಜ್ಜಿ ಹೊಳಪಾಗಿಸಿಕೊಂಡು ಅವಳ ಮನೆಯ ಮೆಟ್ಟಿಲು ಹತ್ತಿ ಬಂದ. ಸೂರ್‌ಮಣಿ ಒಲೆಯ ಮುಂದೆ ಕೂತು ಓಗ್ಲಾ ಹಿಟ್ಟಿನ ದೋಸೆ ಹುಯ್ಯುತ್ತಿದ್ದಳು.

"ಅತ್ತಿಗೆ, ಇದ್ದೀರಾ?"

"ಇದ್ದೀನಿ. ಹೋಗಿಬಿಟ್ಟಿದ್ರೆ ಊಟ ಹಾಕಿಸ್ತಿದ್ರು, ನೀನು ನಿನ್ನೇನೇ ಬಂದಿರ್ತಿದ್ದೆ."

ಅವನು ನಕ್ಕ. ಅತ್ತಿಗೆಯ ಬೈಗುಳಕ್ಕೆ ನಗುವುದು ಅವನಿಗೆ ಚಿಕ್ಕಂದಿನಿಂದ ಅಭ್ಯಾಸ. "ಒಳ್ಳೇ ಸುದ್ದಿ ತಂದಿದೀನಿ. ನಮ್ಮೂರಿಗೆ ದಿಲ್ಲಿಯಿಂದ ದೊಡ್ಡ ಸಾಹೇಬ್ರು ಬರ್ತಿದಾರೆ. ಭಾರ್ಗವ ಸಾಹೇಬ್ರು. ಮರ ಉಳಿಸೋ ಸಂಸ್ಥೆಗೆ ಅಧ್ಯಕ್ಷರು. ಯಾಕೆ ಬರ್ತಿದಾರೆ ಹೇಳಿ ನೋಡೋಣ?"

"ಇಲ್ಲಿಯ ಗಾಳಿ ಚೆನ್ನಾಗಿದೆ, ಅವರೂರಿನದು ಚೆನ್ನಾಗಿಲ್ಲ. ಅದಕ್ಕೆ."

"ಮೇಲ್ಕಾಡು ನೋಡೋಕೆ ಅತ್ತಿಗೆ! ನಿಮ್ಮ ಮೇಲ್ಕಾಡು!"

"ನಂದು ಯಾವಾಗ ಆಯ್ತು? ಹೋದ ವರ್ಷದ ತನಕ ಅದು ಸೂರ್‌ಮಣಿಯ ಹುಚ್ಚು ಆಗಿತ್ತು."

ಅದು ನಿಜ. ನ್ಯೋಜಾ ಪೈನ್ ಜಾತಿಯದು, ತಿನ್ನುವ ಬೀಜ ಕೊಡುವಂಥದು, ಆದರೆ ಒಳ್ಳೆಯ ಮಣ್ಣು ಕಂಡರೆ ಮೂಗು ಮುರಿಯುವ ಮರ. ನದಿಯಿಂದ ಮೇಲಕ್ಕೆ, ಮಳೆ ಮೋಡ ಹಾದು ಬರಲಾಗದ ಒಣ ಇಳಿಜಾರಿನಲ್ಲಿ, ಬಂಡೆಯ ಬಿರುಕಿಗೆ ಬೇರು ತೂರಿಸಿ, ಹಾವಿನ ಪೊರೆಯಂಥ ಬೂದು ತೊಗಟೆ ಕಳಚಿಕೊಳ್ಳುತ್ತ ನಿಂತಿರುತ್ತದೆ. ಸೇಬಿನ ಗಿಡದ ಹಾಗೆ ಗೊಬ್ಬರ ಕೇಳುವುದಿಲ್ಲ, ಔಷಧಿ ಹೊಡೆಸಿಕೊಳ್ಳುವುದಿಲ್ಲ. ಸೂರ್‌ಮಣಿಗೆ ಆ ಮರದ ಮೇಲೆ ಪ್ರೀತಿ ಬಂದದ್ದೇ ಅದರ ಈ ಬಿಗುಮಾನಕ್ಕೆ. ಊರಿನ ಪ್ರತಿ ಮನೆಗೂ ಆ ಇಳಿಜಾರಿನಲ್ಲಿ ಪಾಲು ಉಂಟು. ಶರತ್ಕಾಲದಲ್ಲಿ ದೇವರು ಕಟ್ಟು ಸಡಿಲಿಸಿ ಕಾಡು ತೆರೆದ ದಿನ ಎಲ್ಲರೂ ತಮ್ಮ ತಮ್ಮ ಪಾಲಿನ ಮರಗಳಿಗೆ ನುಗ್ಗುತ್ತಾರೆ. ಕಾಯಿ ಬಿರಿದು ಒಂದು ಬೀಜ ನೆಲಕ್ಕೆ ಬೀಳುವ ಮೊದಲೇ ಎಲ್ಲವನ್ನೂ ಮನೆಗೆ ಸಾಗಿಸುತ್ತಾರೆ. ಬೇಸಿಗೆಯಲ್ಲಿ ಮೇಕೆಗಳು ಬಂದು ಉಳಿದ ಚಿಗುರನ್ನು ಚೊಕ್ಕಟ ಮಾಡುತ್ತವೆ. ಹೀಗಾಗಿ ಆ ಕಾಡಿನಲ್ಲಿ ಅಜ್ಜ ಅಜ್ಜಿಯರೇ ಇದ್ದರು, ಮಕ್ಕಳು ಇರಲಿಲ್ಲ. ಸೂರ್‌ಮಣಿ ಹುಟ್ಟಿದಂದಿನಿಂದ ಈ ಊರಿನಲ್ಲಿ ಒಂದು ಎಳೆಯ ನ್ಯೋಜಾ ಗಿಡವನ್ನು ಕಂಡಿರಲಿಲ್ಲ. ಬೇರೆ ಯಾರೂ ಕಂಡಿರಲಿಲ್ಲ. ಕಂಡಿಲ್ಲ ಎಂಬುದೂ ಯಾರಿಗೂ ಹೊಳೆದಿರಲಿಲ್ಲ.

ಅವಳಿಗೆ ಹೊಳೆದದ್ದು ಗಂಡ ಸತ್ತ ಮೇಲೆ. ಮಕ್ಕಳಿಲ್ಲದ ಮನೆಯಲ್ಲಿ ಕೂತವಳಿಗೆ ಮಕ್ಕಳಿಲ್ಲದ ಕಾಡು ಕಣ್ಣಿಗೆ ಬಿತ್ತು, ಅಷ್ಟೇ. ಅವಳು ಮಹಿಳಾ ಮಂಡಲದ ಹೆಂಗಸರನ್ನು ಕಟ್ಟಿಕೊಂಡು, ಪಂಚಾಯಿತಿಯಲ್ಲಿ ಜಗಳವಾಡಿ, ಬಂಡೆಯ ನೆತ್ತಿಯ ಮೇಲಿನ ಚೂರು ಕಾಡನ್ನು ಪಾಲಿನಿಂದ ತೆಗೆಸಿದಳು. ಅಲ್ಲಿ ಯಾರೂ ಕಾಯಿ ಕೀಳಕೂಡದು, ಮೇಕೆ ಬಿಡಕೂಡದು. ಹತ್ತುವುದಕ್ಕೆ ಹೇಗೂ ಕಷ್ಟದ ಜಾಗ ಎಂದು ಗಂಡಸರು ಒಪ್ಪಿದರು. ಆದರೆ ನ್ಯೋಜಾ ಮರಕ್ಕೂ ಸೂರ್‌ಮಣಿಯಷ್ಟೇ ಮೊಂಡು. ಹೀಗೆ ಕಾಯ್ದಿಟ್ಟ ಮೇಲೆ ವರ್ಷಗಟ್ಟಲೆ ಅದು ಹೇಳಿಕೊಳ್ಳುವಷ್ಟು ಕಾಯಿಯನ್ನೇ ಬಿಡಲಿಲ್ಲ. ಊರು ನಕ್ಕಿತು. ಈ ವರ್ಷ ಮಾತ್ರ ಮೇಲ್ಕಾಡಿನ ಕೊಂಬೆ ಕೊಂಬೆಯೂ ಹಸಿರು ಕಾಯಿಯ ಭಾರಕ್ಕೆ ಬಾಗಿತ್ತು. ಇಂಥ ಫಸಲು ಮತ್ತೆ ಯಾವಾಗಲೋ. ಅವಳ ಮೊಣಕಾಲು ಆಗಲೇ ಬೆಟ್ಟ ಹತ್ತುವಾಗ ಗೊಣಗುತ್ತಿತ್ತು. ಈ ಸಲ ಬೀಜ ನೆಲಕ್ಕೆ ಬೀಳದಿದ್ದರೆ ತಾನು ಎಳೆ ಗಿಡ ನೋಡದೆಯೇ ಸಾಯುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು.

"ಊರ ಬಾಗಿಲಲ್ಲಿ ಬೋರ್ಡು ಹಾಕಿಸ್ತಿದೀನಿ," ಎಂದ ಗ್ಯಾನ್‌ಸುಖ್. "ನ್ಯೋಜಾ ಉಳಿಸಿದ ಮಾದರಿ ಗ್ರಾಮ. ಸಾಹೇಬ್ರೇ ಪರದೆ ಸರಿಸ್ತಾರೆ."

"ಸರಿ. ಬರಲಿ, ಸರಿಸಲಿ, ಹೋಗಲಿ."

"ಮಾಲೆ ಹಾಕ್ಬೇಕಲ್ಲ ಅತ್ತಿಗೆ. ಅದಕ್ಕೇ ಬಂದೆ. ನಿಮ್ಮ ಮಹಿಳಾ ಮಂಡಲದವರು ಪೋಣಿಸಿಕೊಟ್ರೆ..."

ಥಂಗ್ರೋದಲ್ಲಿ ಅತಿಥಿಗೆ ಹೂವಿನ ಮಾಲೆ ಹಾಕುವುದಿಲ್ಲ. ಹೂವು ಯಾರು ಬೇಕಾದರೂ ಹಾಕುತ್ತಾರೆ. ಇಲ್ಲಿ ಹಾಕುವುದು ನ್ಯೋಜಾ ಬೀಜಗಳನ್ನು ಒಂದೊಂದಾಗಿ ಸೂಜಿಯಲ್ಲಿ ಪೋಣಿಸಿದ ಮಾಲೆ.

ಸೂರ್‌ಮಣಿ ದೋಸೆ ಮಗುಚಿದಳು. "ಯಾವ ನ್ಯೋಜಾ? ದೇವರು ಕಾಡು ತೆರೆಯೋಕೆ ಇನ್ನೂ ಕಾಲ ಇದೆ. ಹೋದ ವರ್ಷದ್ದೆಲ್ಲ ರಾಮ್‌ಪುರದ ವ್ಯಾಪಾರಿ ಹೊತ್ಕೊಂಡು ಹೋದ. ಮೂಲೇಲಿ ನಾಕು ಉಳಿದಿದ್ರೂ ಒಣಗಿದ ನ್ಯೋಜಾಕ್ಕೆ ಸೂಜಿ ತೂರಲ್ಲ, ಸಿಡಿದು ಹೋಗುತ್ತೆ. ಮಾಲೆಗೆ ಹೊಸದೇ ಆಗ್ಬೇಕು."

ಗ್ಯಾನ್‌ಸುಖ್ ತಲೆ ಎತ್ತಿ ತೊಲೆ ನೋಡಿದ. ತೊಲೆ ನೋಡಿದನೆಂದರೆ ಕೆಲಸ ಆಗಲೇ ಮಾಡಿ ಮುಗಿಸಿದ್ದಾನೆ ಎಂದು ಅರ್ಥ. ಹುಡುಗನಾಗಿದ್ದಾಗ ಬೆಣ್ಣೆ ಕದ್ದು ತಿಂದು ಹೀಗೇ ನೋಡುತ್ತಿದ್ದ.

"ಮೇಲ್ಕಾಡು ಯಾರ ಪಾಲಿಗೂ ಸೇರಿಲ್ಲ ಅತ್ತಿಗೆ. ದೇವರ ಕಟ್ಟು ಇರೋದು ಪಾಲಿನ ಮರಗಳಿಗೆ. ಯಾರದ್ದೂ ಅಲ್ಲದ ಮರಕ್ಕೆ ಕಟ್ಟು ಎಲ್ಲಿಂದ ಬರುತ್ತೆ?"

ಒಲೆಯ ಮೇಲೆ ದೋಸೆ ಸೀದು ಹೊಗೆ ಎದ್ದಿತು. ಅವಳು ಅದನ್ನು ತೆಗೆಯಲಿಲ್ಲ.

"ಅಂದ್ರೆ, ಮೇಲ್ಕಾಡಿನ ಕಾಯಿ ಕೀಳಲಿಲ್ಲ ಅಂತ ಹೊಗಳೋಕೆ ಒಬ್ಬ ಬರ್ತಾನೆ. ನೀನು ಮೇಲ್ಕಾಡಿನ ಕಾಯಿ ಕಿತ್ತು ಅವನ ಕೊರಳಿಗೆ ಹಾಕ್ತೀಯ."

"ಹಾಗೆ ತಿರುಚಿ ಹೇಳಿದ್ರೆ ಯಾವ್ದೂ ಚೆಂದ ಕಾಣಲ್ಲ."

"ನೀನೇ ನೆಟ್ಟಗೆ ಹೇಳು. ಕೇಳ್ತೀನಿ."

ಅವನು ಪ್ರಯತ್ನಪಟ್ಟ. ಕೊನೆಗೆ ಟೋಪಿಯನ್ನು ಸರಿಮಾಡಿಕೊಂಡು, "ಬಂದವರ ಕೊರಳು ಬರಿದಾಗಿರ್ಬಾರ್ದು. ಅದು ಊರ ಮರ್ಯಾದೆ," ಎಂದು ಎದ್ದುಹೋದ.

ಸೀದ ದೋಸೆಯನ್ನು ಸೂರ್‌ಮಣಿ ನಾಯಿಗೆ ಹಾಕಿದಳು. ನಾಯಿ ಮೂಸಿ ಬಿಟ್ಟಿತು. "ನಿನಗಾದ್ರೂ ಅಷ್ಟು ಬುದ್ಧಿ ಇದೆಯಲ್ಲ," ಎಂದಳು.

ಅಂದು ಮಧ್ಯಾಹ್ನವೇ ಅವಳು ಗುಡಿಯ ಅಂಗಳಕ್ಕೆ ಹೋದಳು. ದೇವರನ್ನೇ ಕೇಳಿಬಿಡೋಣ ಎಂದು. ಥಂಗ್ರೋದ ದೇವರು ಪಲ್ಲಕ್ಕಿಯಲ್ಲಿ ಕೂತು ಮಾತಾಡುತ್ತಾನೆ: ಮುಂದಕ್ಕೆ ವಾಲಿದರೆ ಹೌದು, ಹಿಂದಕ್ಕೆ ವಾಲಿದರೆ ಅಲ್ಲ. ಹೊತ್ತವರು ವಾಲಿಸುವುದಲ್ಲ, ದೇವರೇ ವಾಲುತ್ತಾನೆ ಎಂದು ಎಲ್ಲರೂ ನಂಬುತ್ತಾರೆ. ಸೂರ್‌ಮಣಿಯೂ ನಂಬುತ್ತಿದ್ದಳು, ಆದರೆ ಮುಂದಿನ ಹೆಗಲು ಯಾರದು ಎಂದು ನೋಡಿಕೊಂಡು ನಂಬುತ್ತಿದ್ದಳು. ಅಂದು ಮುಂದೆ ಹೆಗಲು ಕೊಟ್ಟಿದ್ದವನು ತೋಬ್ದೆನ್. ದೇವರ ಮಾತನ್ನು ಬಿಡಿಸಿ ಹೇಳುವವನೂ ಅವನೇ. ಅವನ ಬಾಯಿಂದ ದ್ರಾಕ್ಷಿ ಸಾರಾಯಿಯ ವಾಸನೆ ಬರುತ್ತಿತ್ತು, ಮತ್ತು ಆ ಸಾರಾಯಿ ಯಾರ ಮನೆಯದೆಂದು ಅವಳಿಗೆ ವಾಸನೆಯಿಂದಲೇ ಗೊತ್ತಾಯಿತು. ಗ್ಯಾನ್‌ಸುಖ್ ಯಾವಾಗಲೂ ಅದಕ್ಕೆ ಸ್ವಲ್ಪ ಚೂಲಿ ಹಣ್ಣು ಸೇರಿಸುತ್ತಿದ್ದ.

"ಬಂದ ಅತಿಥಿಯ ಕೊರಳಿಗೆ ಮಾಲೆ ಬೇಕೋ ಬೇಡವೋ?" ಎಂದು ತೋಬ್ದೆನ್ ದೇವರನ್ನು ಕೇಳಿದ.

ಪಲ್ಲಕ್ಕಿ ಮುಂದಕ್ಕೆ ವಾಲಿತು.

"ಅದಲ್ಲ ನಾನು ಕೇಳಿದ್ದು," ಎಂದಳು ಸೂರ್‌ಮಣಿ. "ಮೇಲ್ಕಾಡಿನ ಕಾಯಿ ಕೀಳಬಹುದೋ ಬಾರದೋ ಕೇಳು."

"ದೇವರು ಒಂದೇ ವಿಷಯಕ್ಕೆ ಎರಡು ಸಲ ಮಾತಾಡಲ್ಲ ಅಕ್ಕ."

"ಎರಡು ವಿಷಯಕ್ಕೆ ಒಂದೇ ಸಲ ಮಾತಾಡ್ತಾನಾ? ಪಾಪ, ಅವನೇನು ಮಾಡ್ತಾನೆ. ಅವನಿಗೆ ನಿನ್ನ ಹೆಗಲೇ ಗತಿ."

ಅಂಗಳದಲ್ಲಿದ್ದವರು ಬೇರೆ ಕಡೆ ಮುಖ ತಿರುಗಿಸಿದರು. ಕೆಲವರು ನಗು ತಡೆಯಲು, ಕೆಲವರು ನಾಚಿಕೆಗೆ. ಒಬ್ಬರೂ ಬಾಯಿ ಬಿಡಲಿಲ್ಲ. ಮಹಿಳಾ ಮಂಡಲದ ಹೆಂಗಸರೂ ಇದ್ದರು, ಅವರೂ ಬಿಡಲಿಲ್ಲ. ದಿಲ್ಲಿಯ ಸಾಹೇಬ ಬಂದರೆ ಸಮುದಾಯ ಭವನಕ್ಕೆ ತಗಡು ಸಿಗುತ್ತದೆ ಎಂದು ಗ್ಯಾನ್‌ಸುಖ್ ಅವರ ಕಿವಿಯಲ್ಲಿ ಮೊದಲೇ ಊದಿದ್ದ.

ಮರುದಿನ ಗಂಡಸರು ಮೇಲ್ಕಾಡಿಗೆ ಹೋದರು. ಅವರು ಇಳಿದು ಬಂದ ಮೇಲೆ ಸೂರ್‌ಮಣಿ ಹತ್ತಿದಳು. ಮೊಣಕಾಲು ದಾರಿಯುದ್ದಕ್ಕೂ ಬೈದಿತು, ಅವಳು ತಿರುಗಿ ಬೈದಳು. ಮೇಲೆ ಹೋಗಿ ನೋಡಿದರೆ ಅವಳು ಎಣಿಸಿದ್ದಕ್ಕಿಂತ ಕೆಟ್ಟದಾಗಿತ್ತು. ಕೊಕ್ಕೆ ಕೋಲು ಒಯ್ಯಲು ಸೋಮಾರಿತನಪಟ್ಟು ಕೊಡಲಿ ಒಯ್ದಿದ್ದರು. ಕೊಂಬೆಗಳು ನೆಲದ ಮೇಲೆ ಬಿದ್ದಿದ್ದವು. ಮುಂದಿನ ವರ್ಷಕ್ಕೆಂದು ಹುಟ್ಟಿದ್ದ ಬೆರಳ ತುದಿಯಷ್ಟು ಎಳೆಗಾಯಿಗಳೂ ಅದರಲ್ಲೇ ಇದ್ದವು. ಕಡಿದಲ್ಲೆಲ್ಲ ಅಂಟು ಒಸರುತ್ತಿತ್ತು. ಒಂದು ಸಭೆಯ ಮಾಲೆಗಳಿಗೆ ಇಷ್ಟು ಯಾಕೆ ಬೇಕು? ಬೇಕಿರಲಿಲ್ಲ. ಉಳಿದದ್ದು ಕಿತ್ತವರ ಮನೆಗೆ ಹೋಗುವುದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಂಡೆಯ ಅಂಚಿನಿಂದ ಆಚೆಗೆ ಬಾಗಿದ ಒಂದು ಮರ ಮಾತ್ರ ಹಾಗೇ ನಿಂತಿತ್ತು, ಮೈತುಂಬ ಕಾಯಿ ಹೊತ್ತು. ಅದನ್ನು ಬಿಟ್ಟದ್ದು ಕರುಣೆಯಿಂದಲ್ಲ, ಕೆಳಗಿನ ಕಣಿವೆಗೆ ಹೆದರಿ.

ಆ ಮರದಲ್ಲಿ ಚುಕ್ಕೆ ಮೈಯ ಹಕ್ಕಿಯೊಂದು ಕಾಯಿಯನ್ನು ಕುಕ್ಕಿ ಕುಕ್ಕಿ ಬೀಜ ಎಳೆಯುತ್ತ, ಗಂಟಲೊಳಗೆ ತುರುಕಿಕೊಳ್ಳುತ್ತ ಕರ್ಕಶವಾಗಿ ಕೂಗಿತು. ಪ್ರತಿ ವರ್ಷ ಮಾಳಿಗೆಯ ಮೇಲೆ ಒಣಹಾಕಿದ ನ್ಯೋಜಾ ಕದಿಯುವ ಜಾತಿ.

"ನೀನೊಬ್ಬಳು ಬಾಕಿ ಇದ್ದೆ, ಕಳ್ಳಿ," ಎಂದು ಸೂರ್‌ಮಣಿ ಕಲ್ಲು ಬೀರಿದಳು. ಕಲ್ಲು ಕಣಿವೆಗೆ ಬಿತ್ತು. ಬಿದ್ದ ಸದ್ದೂ ಕೇಳಿಸಲಿಲ್ಲ.

ಕಾಯಿಗಳು ಪ್ರಧಾನನ ಮಾಳಿಗೆಯ ಮೇಲೆ ಬಿಸಿಲಿಗೆ ಬಿರಿದವು. ಬಡಿದು ಬೀಜ ಬಿಡಿಸಿದರು. ಮಾಲೆ ಪೋಣಿಸುವ ದಿನ ಸೂರ್‌ಮಣಿ ಹೋಗುವುದಿಲ್ಲ ಎಂದುಕೊಂಡಿದ್ದಳು. ಆಮೇಲೆ, ಮನೆಯಲ್ಲಿ ಕೂತು ಬೈದರೆ ಗೋಡೆಗಷ್ಟೇ ಕೇಳುತ್ತದೆ, ಹೋಗಿ ಮುಖದ ಮೇಲೇ ಬೈದು ಬರೋಣ ಎಂದು ಹೊರಟಳು.

ಹೋದರೆ ಮಾಳಿಗೆಯ ಮೇಲೆ ಗ್ಯಾನ್‌ಸುಖ್‌ನ ಹೆಂಡತಿ ನೋರ್ಜೊಮ್ ಒಬ್ಬಳೇ ಇದ್ದಳು. ನೋರ್ಜೊಮ್ ಎಂದರೆ ಸೂರ್‌ಮಣಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ದಪ್ಪ ಹೆಂಗಸು, ಮುಂದಿನ ಹಲ್ಲಿಗೆ ಚಿನ್ನ, ಕೈಯಲ್ಲಿ ಸದಾ ಮೊಬೈಲು, ಬಾಯಲ್ಲಿ ಸದಾ ಯಾರದೋ ಮದುವೆಯ ಸುದ್ದಿ. ಈ ಹೆಂಗಸಿನ ತಲೆಯೊಳಗೆ ಕೈ ಹಾಕಿದರೆ ಹತ್ತಿ ಸಿಗುತ್ತದೆ ಎಂದು ಸೂರ್‌ಮಣಿ ಎದುರಿಗೇ ಹೇಳಿದ್ದಳು. ನೋರ್ಜೊಮ್ ಅದಕ್ಕೂ ನಕ್ಕಿದ್ದಳು.

"ಬಂದ್ರಾ ಅಕ್ಕ? ಕೂತ್ಕೊಳ್ಳಿ, ಉಪ್ಪಿನ ಚಹಾ ಹಾಕ್ತೀನಿ. ಉಳಿದವರಿಗೆ ಊಟ ಆದ್ಮೇಲೆ ಬನ್ನಿ ಅಂತ ಹೇಳಿ ಕಳಿಸ್ದೆ. ಬೇಗ ಬಂದ್ರೆ ನನ್ನ ಕೆಲಸ ಕೆಡುತ್ತೆ."

"ನಿನಗೇನು ಕೆಲಸ? ಗಂಡ ಕಾಡು ಬೋಳಿಸಿದ್ದಾನೆ, ನೀನು ಕೂತು ಕೂದಲು ಎಣಿಸು."

ನೋರ್ಜೊಮ್ ಮೂಲೆಯಲ್ಲಿದ್ದ ದೊಡ್ಡ ಹಂಡೆಯ ಮೇಲಿನ ತಟ್ಟೆ ಸರಿಸಿದಳು. ಹಂಡೆಯ ತುಂಬ ನೀರು. ನೀರಿನ ಮೇಲೆ ನ್ಯೋಜಾ ಬೀಜಗಳು ತೇಲುತ್ತಿದ್ದವು, ಹಂಡೆಯ ಬಾಯಿಯೇ ಕಾಣದಷ್ಟು. ಅವಳು ಅವನ್ನು ಜರಡಿಯಲ್ಲಿ ಬಾಚಿ ಬಾಚಿ ಒಂದು ಬುಟ್ಟಿಗೆ ಹಾಕಿದಳು. ಆಮೇಲೆ ತೋಳು ಮುಳುಗಿಸಿ ತಳದಿಂದ ಮುಳುಗಿದ ಬೀಜಗಳನ್ನು ಎತ್ತಿ ಇನ್ನೊಂದು ಬುಟ್ಟಿಗೆ ಹಾಕಿದಳು.

ತೇಲುವುದು ಪೊಳ್ಳು, ಮುಳುಗುವುದು ಗಟ್ಟಿ. ಇದು ಥಂಗ್ರೋದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಯಾವ ಫಸಲಿನಲ್ಲೂ ಪೊಳ್ಳು ಇದ್ದೇ ಇರುತ್ತದೆ. ಮನೆಗಳಲ್ಲಿ ಪೊಳ್ಳನ್ನು ಒಲೆಗೆ ಹಾಕುತ್ತಾರೆ. ಅತಿಥಿಯ ಮಾಲೆಯಲ್ಲಿ ಅಕಸ್ಮಾತ್ ಒಂದು ಪೊಳ್ಳು ಸೇರಿದರೂ ಪೋಣಿಸಿದವಳು ವರ್ಷವಿಡೀ ತಲೆ ತಗ್ಗಿಸಿ ಓಡಾಡಬೇಕು.

"ಒಲೆಗೆ ಹಾಕೋ ಪೊಳ್ಳನ್ನ ಬುಟ್ಟಿಗ್ಯಾಕೆ ಹಾಕ್ತಿದೀಯ?" ಎಂದಳು ಸೂರ್‌ಮಣಿ.

"ಮಾಲೆಗೆ."

ಸೂರ್‌ಮಣಿ ಅವಳ ಮುಖ ನೋಡಿದಳು. ಚಿನ್ನದ ಹಲ್ಲು ಕಾಣುತ್ತಿರಲಿಲ್ಲ.

"ಸೂಜಿ ತೂರಿದ ಬೀಜ ಹುಟ್ಟಲ್ಲ ಅಲ್ವಾ ಅಕ್ಕ," ಎಂದಳು ನೋರ್ಜೊಮ್. "ಪೊಳ್ಳು ಹೇಗೂ ಹುಟ್ಟಲ್ಲ, ಅದಕ್ಕೆ ಸೂಜಿ ತೂರಿದ್ರೆ ಏನು ನಷ್ಟ? ಗಟ್ಟಿದನ್ನ ನೀವು ತಗೊಂಡು ಹೋಗಿ. ಎಲ್ಲಿಂದ ಬಂತೋ ಅಲ್ಲಿಗೇ ಹಾಕೋಣ. ಮರದಿಂದ ಬೀಳೋ ಬದಲು ಕೈಯಿಂದ ಬಿದ್ದಿದೆ ಅಂದ್ಕೊಂಡ್ರಾಯ್ತು. ಗಂಡಸರು ತಮ್ಮ ಮನೆಗೆ ಒಯ್ಯೋಕೆ ಅಂತ ಮೂಟೆ ಕಟ್ಟಿಟ್ಟಿದ್ರು, ಅದನ್ನೂ ಬಿಚ್ಚಿ ನೀರಿಗೆ ಹಾಕ್ದೆ. ಪೊಳ್ಳನ್ನ ವಾಪಸ್ ತುಂಬಿ ಕಟ್ಟಿಟ್ಟಿದೀನಿ. ಸಭೆ ಮುಗಿಯೋ ತನಕ ಯಾರೂ ಬಿಚ್ಚಲ್ಲ."

"ನಿನ್ನ ಗಂಡನ ಮಾನ ಹೋಗುತ್ತೆ, ಕಣೇ."

"ಅವರು ಮೇಲ್ಕಾಡಿಗೆ ಕೊಡಲಿ ತಗೊಂಡು ಹೊರಟಾಗ ನಾನು ಬೇಡಾಂದೆ. ಹೆಂಗಸರ ಮಾತಿಗೆ ತೂಕ ಇಲ್ಲ ಅಂದ್ರು." ನೋರ್ಜೊಮ್ ಜರಡಿ ಕೊಡವಿದಳು. "ತೂಕ ಇಲ್ಲದ್ದು ಅಂದ್ರೆ ಹೇಗಿರುತ್ತೆ ಅಂತ ನೋಡ್ಲಿ."

ಸೂರ್‌ಮಣಿ ಮೈಗೆ ಸುತ್ತಿದ್ದ ಉಣ್ಣೆಯ ದೊಹ್ಡೂ ಶಾಲು ಬಿಚ್ಚಿ ನೆಲಕ್ಕೆ ಹಾಸಿ, ಗಟ್ಟಿ ಬೀಜಗಳನ್ನು ಅದರಲ್ಲಿ ಸುರಿದುಕೊಂಡಳು. "ಚಹಾಕ್ಕೆ ಬೆಣ್ಣೆ ಜಾಸ್ತಿ ಹಾಕು," ಎಂದಳು. ಅವಳ ಬಾಯಿಂದ ಹೊಗಳಿಕೆ ಎಂದು ಬರುತ್ತಿದ್ದದ್ದು ಅಷ್ಟೇ.

ಊಟ ಮುಗಿಸಿ ಬಂದ ಹೆಂಗಸರು ಬುಟ್ಟಿಗೆ ಕೈಹಾಕಿದ ಕೂಡಲೇ ವಿಷಯ ತಿಳಿದುಕೊಂಡರು. ಪೊಳ್ಳು ಗಟ್ಟಿ ಬೆರಳಿಗೆ ಗೊತ್ತಾಗದ ಹೆಂಗಸು ಆ ಊರಿನಲ್ಲಿ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಡಿಯ ಅಂಗಳದಲ್ಲಿ ಮುಚ್ಚಿಕೊಂಡಿದ್ದ ಬಾಯಿಗಳನ್ನು ಇಲ್ಲೂ ಮುಚ್ಚಿಕೊಂಡೇ ಸೂಜಿಗೆ ದಾರ ಹಾಕಿದರು. ಸೂರ್‌ಮಣಿಗೆ ಈ ಸಲ ಆ ಮೌನ ಅಷ್ಟು ಹೇಸಿಗೆ ಎನಿಸಲಿಲ್ಲ.

ಭಾರ್ಗವ ಸಾಹೇಬ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಲು ಬೇಕಾದಷ್ಟು ಹೊತ್ತು ಅವನು ಯಾವ ಊರಿನಲ್ಲೂ ನಿಲ್ಲುತ್ತಿರಲಿಲ್ಲ. ಕಾರಿನಿಂದ ಇಳಿದ, ಪರದೆ ಸರಿಸಿದ, ಬೋರ್ಡಿನ ಜೊತೆ ಫೋಟೋ ತೆಗೆಸಿಕೊಂಡ. ಮೇಲ್ಕಾಡು ಎಲ್ಲಿ ಎಂದು ಕೇಳಿ, ಗ್ಯಾನ್‌ಸುಖ್ ಕೈ ತೋರಿಸಿದ ದಿಕ್ಕಿಗೆ ದುರ್ಬೀನು ಹಿಡಿದು, "ಅದ್ಭುತ, ಅದ್ಭುತ" ಎಂದ. ಗ್ಯಾನ್‌ಸುಖ್ ತೋರಿಸಿದ್ದು ನದಿಯ ಆಚೆ ದಡದ ಕಾಡು. ಅದು ಬೇರೆ ಊರಿನದು.

ಆಮೇಲೆ ಶಾಮಿಯಾನದ ಕೆಳಗೆ ಮಾಲೆ. ಸಾಹೇಬನಿಗೆ ನೋರ್ಜೊಮ್ ಹಾಕಿದಳು. ಪ್ರಧಾನನಿಗೆ ಸೂರ್‌ಮಣಿಯೇ ಎದ್ದು ಬಂದು ಹಾಕಿದಳು. ಗ್ಯಾನ್‌ಸುಖ್‌ನ ಕಣ್ಣು ತುಂಬಿ ಬಂತು. "ಅತ್ತಿಗೆ, ನೀವು ಸಿಟ್ಟು ಬಿಟ್ರಲ್ಲ, ಅಷ್ಟೇ ಸಾಕು ನನಗೆ."

"ಎತ್ತು ತಲೆ. ಮಾಲೆ ಹಗುರ ಇದೆ, ಕೊರಳೇನೂ ಮುರಿಯಲ್ಲ."

ತೋಬ್ದೆನ್‌ಗೂ ಹಾಕಿದರು, ವೇದಿಕೆಯ ಮೇಲಿದ್ದ ಎಲ್ಲರಿಗೂ ಹಾಕಿದರು. ಇನ್ನು ಥಂಗ್ರೋದ ಪದ್ಧತಿ: ಮಾಲೆ ಹಾಕಿಸಿಕೊಂಡವರು ಅದರಿಂದ ಬೀಜ ಕಿತ್ತು, ಹಲ್ಲಿನಲ್ಲಿ ಒಡೆದು, ಊರಿನ ಎದುರು ತಿನ್ನಬೇಕು. ತಿನ್ನದೆ ಮಾತು ಶುರು ಮಾಡಿದರೆ ಊರನ್ನು ತಿರಸ್ಕರಿಸಿದ ಹಾಗೆ.

ಸಾಹೇಬ ಒಂದನ್ನು ಕಿತ್ತು ಕಡಿದ. ಸಿಪ್ಪೆ ಟಕ್ಕೆಂದು ಒಡೆಯಿತು. ಒಳಗೆ ಏನೂ ಇರಲಿಲ್ಲ. ಅವನು ಸಿಪ್ಪೆಯನ್ನು ಮೆಲ್ಲಗೆ ಅಂಗೈಗೆ ಉಗುಳಿ, ಎದುರಿಗೆ ಕೂತ ಊರನ್ನು ನೋಡಿದ. ಊರು ಅವನ ಬಾಯಿಯನ್ನೇ ನೋಡುತ್ತಿತ್ತು. ಸಾಹೇಬ ಮುಗುಳ್ನಕ್ಕು, ಖಾಲಿ ಬಾಯಿಯನ್ನು ಜಗಿದ. ಜಗಿದು ನುಂಗಿದ. "ತುಂಬ ಸಿಹಿ," ಎಂದ.

ಪಕ್ಕದಲ್ಲಿ ಗ್ಯಾನ್‌ಸುಖ್ ತನ್ನದನ್ನು ಕಡಿದ. ಅವನ ದವಡೆ ನಿಂತಿತು. ತನ್ನೊಬ್ಬನ ಮಾಲೆಯಲ್ಲಿ ಮಾತ್ರ ಒಂದು ಪೊಳ್ಳು ಬಂದಿದೆ, ಸಾಹೇಬರದು ಸರಿಯಾಗಿದೆ, ದೇವರು ದೊಡ್ಡವನು ಎಂದುಕೊಂಡು ಅವನೂ ಜಗಿದ. ತೋಬ್ದೆನ್ ಜಗಿದ. ಕಡೆಯಲ್ಲಿ ಕೂತ ಪಟವಾರಿಯೂ ಜಗಿದ. ಪಕ್ಕದವನು ಜಗಿಯುವುದನ್ನು ಕಂಡು ಪ್ರತಿಯೊಬ್ಬನೂ ತನ್ನ ಬಾಯಿಯ ಬರಿದನ್ನು ಇನ್ನಷ್ಟು ಗಟ್ಟಿಯಾಗಿ ಜಗಿದ. ಎರಡನೆಯದನ್ನು ಒಡೆದರು, ಅದೂ ಪೊಳ್ಳು. ಅದನ್ನೂ ಜಗಿದರು. ವೇದಿಕೆಯ ತುಂಬ ದವಡೆಗಳು ಆಡುತ್ತಿದ್ದವು, ಹುಲ್ಲಿಲ್ಲದ ಹೊಲದಲ್ಲಿ ಎಮ್ಮೆಗಳು ಮೆಲುಕು ಹಾಕಿದ ಹಾಗೆ. ಹೆಂಗಸರ ಸಾಲಿನಲ್ಲಿ ಒಬ್ಬಳಿಗೆ ಕೆಮ್ಮು ಬಂತು, ಅದು ಇನ್ನೊಬ್ಬಳಿಗೆ ಅಂಟಿತು.

"ಈ ಅಪೂರ್ವವಾದ ಮರ," ಎಂದು ಸಾಹೇಬ ಭಾಷಣ ಶುರು ಮಾಡಿದ, "ಇಡೀ ಜಗತ್ತಿನ ಲೆಕ್ಕದಲ್ಲಿ ಇಂದು ಅಪಾಯದ ಹೊಸ್ತಿಲಲ್ಲಿ ನಿಂತಿದೆ. ಇದು ಬೆಳೆಯುವುದು ಇಂಥ ಕೆಲವೇ ಒಣ ಕಣಿವೆಗಳಲ್ಲಿ. ಬೀಜವನ್ನೆಲ್ಲ ಮನುಷ್ಯ ಒಯ್ಯುವುದರಿಂದ ಹೊಸ ಗಿಡ ಹುಟ್ಟುತ್ತಿಲ್ಲ. ಆದರೆ ಥಂಗ್ರೋದ ಜನ ಒಂದು ಕಾಯಿಯನ್ನೂ ಮುಟ್ಟದೆ..." ಇಲ್ಲಿ ಅವನ ಕೈ ತನಗೆ ತಿಳಿಯದೆಯೇ ಕೊರಳಿನ ಮಾಲೆಯನ್ನು ಸವರುತ್ತಿತ್ತು.

"ಹೊಸ್ತಿಲಲ್ಲಿ ನಿಂತಿದೆಯಂತೆ," ಎಂದಳು ಸೂರ್‌ಮಣಿ, ನೋರ್ಜೊಮ್‌ಳ ಕಿವಿಯಲ್ಲಿ. "ನಿಲ್ಲದೆ ಏನು ಮಾಡುತ್ತೆ? ಬಾಗಿಲಿಗೆ ಅಡ್ಡ ಇವರೆಲ್ಲ ಕುರ್ಚಿ ಹಾಕ್ಕೊಂಡು ಕೂತಿದಾರೆ."

ಸಾಹೇಬ ತಗಡಿನ ಮಾತು ಎತ್ತದೆಯೇ ಹೊರಟುಹೋದ. ಸಂಜೆ ಗಂಡಸರು ಮೂಟೆ ಬಿಚ್ಚಿದಾಗ ಊರಿನಲ್ಲಿ ಕೂಗಾಟವಾಯಿತು. ಗ್ಯಾನ್‌ಸುಖ್ ಮಾಲೆಯನ್ನು ಮುಷ್ಟಿಯಲ್ಲಿ ಹಿಡಿದು ಸೂರ್‌ಮಣಿಯ ಮೆಟ್ಟಿಲು ಹತ್ತಿದ. ಟೋಪಿ ವಾರೆಯಾಗಿತ್ತು.

"ಒಂದರಲ್ಲೂ ಕಾಳಿಲ್ಲ ಅತ್ತಿಗೆ! ಒಂದರಲ್ಲೂ! ಎಲ್ಲರ ಎದುರು ನನ್ನ ಮಾನ ತೆಗೆದ್ರಲ್ಲ!"

"ನಾನೆಲ್ಲಿ ತೆಗೆದೆ? ನೀರಿಗೆ ಹಾಕಿ ನೋಡಿದೆ. ತೇಲ್ತು."

"ಗಟ್ಟಿ ಬೀಜ ಎಲ್ಲಿ?"

"ನಿನ್ನ ಹೆಂಡತೀನ ಕೇಳು. ಹಾಗೇ ಅವಳ ಮಾತಿಗೆ ತೂಕ ಎಷ್ಟಿದೆ ಅಂತಲೂ ಕೇಳ್ಕೊಂಡು ಬಾ."

ಅವನು ಹೆಂಡತಿಯನ್ನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಹೆದರಿಕೆಯೋ ಏನೋ. ತೊಲೆ ನೋಡುತ್ತ ಸ್ವಲ್ಪ ಹೊತ್ತು ನಿಂತ. ಅವನ ಅಣ್ಣನೂ ಸೋತಾಗ ಹೀಗೇ ಭುಜ ಇಳಿಬಿಟ್ಟು ನಿಲ್ಲುತ್ತಿದ್ದ. ಸೂರ್‌ಮಣಿ ಒಂದು ತಟ್ಟೆಗೆ ದೋಸೆ ಹಾಕಿ ಅವನ ಮುಂದೆ ತಳ್ಳಿದಳು. "ತಿನ್ನು. ಬೆಳಿಗ್ಗೆಯಿಂದ ಬರೀ ಗಾಳಿ ಜಗಿದಿದೀಯ."

ದೇವರು ಕಾಡು ತೆರೆದು, ಊರೆಲ್ಲ ತಮ್ಮ ಪಾಲಿನ ಮರಗಳಲ್ಲಿ ಮುಳುಗಿದ್ದಾಗ, ಈ ಇಬ್ಬರು ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಮೇಲ್ಕಾಡು ಹತ್ತಿದರು. ನೋರ್ಜೊಮ್ ಪ್ರತಿ ತಿರುವಿನಲ್ಲೂ ಕೂತು ಉಸಿರು ಬಿಟ್ಟಳು, ಸೂರ್‌ಮಣಿ ಪ್ರತಿ ತಿರುವಿನಲ್ಲೂ ಅವಳ ಮೈಯನ್ನು ಬೈದಳು. ಬಿಸಿಲು ನೇರ ಬೀಳದಂತೆ, ಮೇಕೆಯ ಬಾಯಿ ತೂರದಂತೆ, ಮುಳ್ಳಿನ ಪೊದೆಗಳ ಬುಡ ಹುಡುಕಿ ಕೋಲಿನಿಂದ ಗುಳಿ ಮಾಡಿ ಬೀಜ ಮುಚ್ಚಿದರು. ಕೈ ತರಚಿ ರಕ್ತ ಬಂತು. ಆಮೇಲೆ ಹಿಮ ಬಿತ್ತು.

ಹಿಮ ಕರಗಿದ ಮೇಲೆ ಸೂರ್‌ಮಣಿ ಹೋಗಿ ನೋಡಿದಳು. ಗುಳಿಗಳೆಲ್ಲ ಕೆದರಿದ್ದವು, ಸುತ್ತ ಇಲಿ ಕಡಿದ ಸಿಪ್ಪೆ. ಮತ್ತೊಂದು ಸಲ ಹೋದಳು, ಬರಿ ಮಣ್ಣು. ಮೂರನೆಯ ಸಲ ಹೋಗಲಿಲ್ಲ. ಇಲಿಗಳು ಊರಿನ ಗಂಡಸರ ನೆಂಟರು ಎಂದಳು. ಆಮೇಲೆ ಗಂಡಸರನ್ನೂ ಬೈಯುವುದನ್ನು ಬಿಟ್ಟಳು. ಅವಳು ಬೈಯದೆ ಸುಮ್ಮನಿದ್ದದ್ದು ಕಂಡು ಗ್ಯಾನ್‌ಸುಖ್‌ಗೇ ಗಾಬರಿಯಾಗಿ, ಅತ್ತಿಗೆಗೆ ಮೈ ಸರಿಯಿಲ್ಲವೇ ನೋಡು ಎಂದು ಹೆಂಡತಿಯನ್ನು ಕಳಿಸುತ್ತಿದ್ದ.

ಏಪ್ರಿಕಾಟ್ ಹೂವು ಉದುರಿ ಕಾಯಿ ಕಚ್ಚಿದ ಮೇಲೆ ಒಂದು ದಿನ ನೋರ್ಜೊಮ್ ಅವಳ ಬಾಗಿಲಿಗೆ ಬಂದು ನಿಂತಳು. ಮುಖ ಕೆಂಪೇರಿತ್ತು, ಮಾತು ಹೊರಡುತ್ತಿರಲಿಲ್ಲ. ನೋರ್ಜೊಮ್‌ಗೆ ಮಾತು ಹೊರಡದೆ ಇರುವುದನ್ನು ಸೂರ್‌ಮಣಿ ಎಂದೂ ಕಂಡಿರಲಿಲ್ಲ.

"ಅಕ್ಕ... ಬನ್ನಿ."

"ಯಾರು ಸತ್ರು?"

"ಬನ್ನಿ ಅಂದ್ರೆ."

ಮೇಲ್ಕಾಡಿನ ಮುಳ್ಳುಪೊದೆಯೊಂದರ ನೆರಳಿನಲ್ಲಿ ಬೆರಳುದ್ದದ ದಂಟು ನಿಂತಿತ್ತು. ತುದಿಯಲ್ಲಿ ನಾಲ್ಕಾರು ಹಸಿರು ಎಳೆಗಳು ಒಟ್ಟಿಗೆ ಮುದುಡಿಕೊಂಡಿದ್ದವು, ಯಾಕೆಂದರೆ ಅವುಗಳ ತಲೆಯ ಮೇಲೆ ತಾವು ಹುಟ್ಟಿ ಬಂದ ಬೀಜದ ಸಿಪ್ಪೆ ಇನ್ನೂ ಕೂತಿತ್ತು, ಸ್ವಲ್ಪ ವಾರೆಯಾಗಿ. ಅಲ್ಲಿಂದ ಮುಂದೆ ಇನ್ನೊಂದು. ಅದರಾಚೆ ಮತ್ತೊಂದು. ಹೆಚ್ಚೇನಿರಲಿಲ್ಲ. ಹಾಕಿದ ಬುಟ್ಟಿಗಳಿಗೆ ಹೋಲಿಸಿದರೆ ಏನೂ ಇರಲಿಲ್ಲ.

ಸೂರ್‌ಮಣಿ ಮೊಣಕಾಲೂರಿ ಕೂತಳು. ಬಹಳ ಹೊತ್ತು ನೋಡಿದಳು.

"ಟೋಪಿ ನೋಡೇ ಇವನದು," ಎಂದಳು ಕೊನೆಗೆ. "ಥೇಟ್ ನಿನ್ನ ಗಂಡನ ಹಾಗೆ. ಇನ್ನೂ ನೆಲ ಬಿಟ್ಟು ಎದ್ದಿಲ್ಲ, ಆಗಲೇ ಪ್ರಧಾನ."

ಅವಳು ಸಿಪ್ಪೆ ತೆಗೆಯಲು ಕೈ ಚಾಚಿದಳು. "ಮುಟ್ಟಬೇಡಿ ಅಕ್ಕ, ಅದೇ ಬೀಳುತ್ತೆ," ಎಂದಳು ನೋರ್ಜೊಮ್. ಸೂರ್‌ಮಣಿ ಕೈ ಹಿಂದೆಗೆದಳು.

ಏಳುವಾಗ ಆಸರೆಗೆ ಬಂಡೆ ಹಿಡಿದವಳು ಹಾಗೇ ನಿಂತಳು. ತಲೆಗಿಂತ ಎತ್ತರದಲ್ಲಿ, ಕೈ ನಿಲುಕದ ಬಿರುಕಿನಲ್ಲಿ, ಒಂದು ಹಿಡಿ ಎಳೆ ಗಿಡಗಳು ಒತ್ತೊತ್ತಾಗಿ ಎದ್ದಿದ್ದವು, ಯಾರೋ ಒಂದು ಮುಷ್ಟಿ ಬೀಜವನ್ನು ಅಲ್ಲಿ ತುರುಕಿ ಮರೆತು ಹೋದ ಹಾಗೆ.

"ಇಲ್ಲಿ ನೀನು ಹಾಕಿದ್ಯಾ?"

"ನಾನಾ? ಈ ಮೈ ಹೊತ್ತು ಅಷ್ಟು ಮೇಲೆ ಹತ್ತಿದ್ನಾ?"

ಅಂಚಿನ ಮರದಲ್ಲಿ ಚುಕ್ಕೆ ಮೈಯ ಹಕ್ಕಿ ಕರ್ಕಶವಾಗಿ ಕೂಗಿತು. ಸೂರ್‌ಮಣಿಯ ಕೈ ಅಭ್ಯಾಸದಂತೆ ಕಲ್ಲು ಎತ್ತಿಕೊಂಡಿತು. ಅವಳು ಹಕ್ಕಿಯನ್ನು ನೋಡಿದಳು, ಬಿರುಕನ್ನು ನೋಡಿದಳು, ಕಲ್ಲನ್ನು ಇದ್ದಲ್ಲೇ ಇಟ್ಟಳು.

"ಕಳ್ಳಿ," ಎಂದಳು, ಈ ಸಲ ಮೆಲ್ಲಗೆ.

ಇಳಿಯುವ ದಾರಿಯಲ್ಲಿ ನೋರ್ಜೊಮ್ ಮೊಬೈಲು ತೆಗೆದು, "ಇವರಿಗೆ ಹೇಳ್ಲಾ ಅಕ್ಕ? ಎಷ್ಟು ಖುಷಿಪಡ್ತಾರೆ," ಎಂದಳು.

"ಇಡು ಅದನ್ನ ಒಳಗೆ!" ಎಂದು ಸೂರ್‌ಮಣಿ ಗದರಿದಳು. "ಅವನಿಗೆ ಗೊತ್ತಾದ್ರೆ ಗಿಡದ ನೆತ್ತಿ ಮೇಲೆ ಬೋರ್ಡು ನೆಡ್ತಾನೆ."